ಕೆರೆದ ಗಾಜುಗಳ ವಾರ

"ನನ್ನ ಮಗನ್ನ ಕೊಂದಾಂವ ಆ ಟ್ರ್ಯಾಕ್ಟರ್ ಹುಡುಗ ಅಲ್ಲರಿ ಸಾಹೇಬ್ರ. ಖರೇನ ಯಾರು ಕೊಂದ್ರು, ಅದು ನನಗ ಬೇಕಾಗೈತಿ."

ಜನವರಿಯ ಆ ಗುರುವಾರ ಬೆಳಿಗ್ಗೆ ಬೈಲಹೊಂಗಲದ ನಮ್ಮ ಆಫೀಸಿನ ಹೊಸ್ತಿಲಲ್ಲಿ ನಿಂತು ದೇಗಾಂವದ ಇಂದ್ರವ್ವ ಹೇಳಿದ ಮೊದಲ ಮಾತು ಅದು. ಅಳು ಇರಲಿಲ್ಲ. ನಾಲ್ಕು ದಿನ ಅತ್ತು ಮುಗಿಸಿ ಬಂದ ಮುಖ ಅದು.

ಆಫೀಸು ಎಂದರೆ ನಿಜಗುಣಪ್ಪನವರ ಮನೆಯ ಮುಂದಿನ ಕೋಣೆ. ಮೂವತ್ತೊಂದು ವರ್ಷ ಅವರು ವಾಹನ ವಿಮೆಯ ಸರ್ವೇಯರ್ ಆಗಿದ್ದವರು. ಕಿತ್ತೂರಿನಿಂದ ರಾಮದುರ್ಗದವರೆಗೆ ಎಲ್ಲಿ ಗಾಡಿ ಜಜ್ಜಿದರೂ ಹೋಗಿ ನೋಡಿ, ಜನ ಹೇಳಿದ್ದಕ್ಕೂ ತಗಡು ಹೇಳಿದ್ದಕ್ಕೂ ತಾಳೆ ಇದೆಯೇ ಎಂದು ಬರೆಯುವುದು ಅವರ ಕೆಲಸವಾಗಿತ್ತು. ಆ ವರದಿಗಳನ್ನು ಹದಿನಾರು ವರ್ಷ ಟೈಪ್ ಮಾಡಿದವಳು ನಾನು, ಮಂಜುಳಾ. ನಿವೃತ್ತರಾದ ಮೇಲೂ ಜನ ಅವರನ್ನು ಹುಡುಕಿಕೊಂಡು ಬರುವುದು ನಿಲ್ಲಲಿಲ್ಲ, ನನ್ನ ಟೈಪಿಂಗೂ ನಿಲ್ಲಲಿಲ್ಲ.

"ಒಳಗ ಬರ್ರಿ ಯವ್ವಾ, ಕುಂದರ್ರಿ," ಎಂದರು ನಿಜಗುಣಪ್ಪ. "ಯಾರ ಜೋಡಿ ಬಂದ್ರಿ?"

"ನಮ್ಮ ನಿಂಗರಾಜಣ್ಣ ಕರಕೊಂಡ ಬಂದಾನ್ರಿ. ಲಕ್ಷ್ಮಣ ಅವನ ಅಂಗಡ್ಯಾಗ ಕೆಲಸಕ್ಕಿದ್ದ. ಬ್ಯಾಡ ಅಂದ್ರೂ ಕೇಳಲಿಲ್ಲ, ತನ್ನ ಗಾಡ್ಯಾಗ ತಂದು ಬಿಟ್ಟ."

ಆಕೆಯ ಹಿಂದೆ ನಿಂತಿದ್ದ ನಲವತ್ತೈದರ ಆಸುಪಾಸಿನ ಮನುಷ್ಯ ಕೈ ಮುಗಿದ. ಕಿತ್ತೂರಿನಲ್ಲಿ ವಾಹನಗಳಿಗೆ ನಂಬರ್ ಪ್ಲೇಟು, ಗಾಜಿನ ಸ್ಟಿಕರು ಕೂಡಿಸುವ ಅಂಗಡಿ ಅವನದು. ಮುಖ ಬಾಡಿತ್ತು. "ಆರ್‌ಟಿಓ ಕಚೇರ್‍ಯಾಗ ಒಂದೀಟ ಕೆಲಸ ಐತ್ರಿ ಸರ್. ತಾಸಿನ್ಯಾಗ ಬಂದು ಅವ್ವನ್ನ ಕರಕೊಂಡ ಹೋಗ್ತೇನಿ," ಎಂದು ಹೇಳಿ ತನ್ನ ಬಿಳಿ ಕಾರು ಹತ್ತಿ ಹೋದ.

ಇಂದ್ರವ್ವ ನಡೆದದ್ದನ್ನು ಹೇಳಿದಳು. ಲಕ್ಷ್ಮಣ ಶನಿವಾರ ಸಂಜೆ ಆರೂವರೆಗೆ ಅಂಗಡಿಯಿಂದ ಬೈಕಿನಲ್ಲಿ ಹೊರಟವನು ಮನೆಗೆ ಬರಲಿಲ್ಲ. ಭಾನುವಾರ ಬೆಳಿಗ್ಗೆ ಏಳೂವರೆಗೆ ಹುಲ್ಲಿಗೆ ಹೋದ ಹೆಂಗಸೊಬ್ಬಳು ದೇಗಾಂವದ ಹಾದಿಯಲ್ಲಿ, ಕಬ್ಬಿನ ಹೊಲದ ಬದಿಯ ತಗ್ಗಿನಲ್ಲಿ ಅವನ ಹೆಣ ಕಂಡಳು. ತಲೆಯ ಹಿಂಭಾಗ ಒಡೆದಿತ್ತು. ಬೈಕು ಪಕ್ಕದಲ್ಲಿ ಬಿದ್ದಿತ್ತು. ಸತ್ತದ್ದು ಶನಿವಾರ ಸಂಜೆ ಏಳರಿಂದ ಎಂಟರೊಳಗೆ ಎಂದು ದವಾಖಾನೆಯವರು ಬರೆದರು. ಅದೇ ಹೊತ್ತಿಗೆ ಪರಶು ಎಂಬ ಚಾಲಕ ಕಬ್ಬು ತುಂಬಿದ ಎರಡು ಟ್ರೇಲರು ಎಳೆದುಕೊಂಡು ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗೆ ಆ ಹಾದಿಯಲ್ಲಿ ಹೋಗಿದ್ದ. ಟ್ರೇಲರಿಗೆ ಹಿಂದೆ ಕೆಂಪು ದೀಪವೂ ಇರಲಿಲ್ಲ, ಹೊಳೆಯುವ ಪಟ್ಟಿಯೂ ಇರಲಿಲ್ಲ. ಕತ್ತಲಲ್ಲಿ ಲಕ್ಷ್ಮಣ ಅದಕ್ಕೆ ಬಡಿದ, ಪರಶು ಅವನನ್ನು ತಗ್ಗಿಗೆ ಎಳೆದುಹಾಕಿ ಓಡಿದ ಎಂದು ಪೊಲೀಸರು ಅವನನ್ನು ಸೋಮವಾರ ಹಿಡಿದು ಒಳಗೆ ಹಾಕಿದ್ದರು.

"ಅವನ ಹೇಣ್ತಿ ನನ್ನ ಮನಿಗೆ ಬಂದು ಕಾಲ ಹಿಡದ್ಲರಿ. ಬಸರಿ ಹೆಂಗಸು. ಯಾರರೆ ಒಬ್ಬನ್ನ ಜೇಲಿಗೆ ಹಾಕಿದ್ರ ನನ್ನ ಮಗ ಸುಮ್ಮನ ಮಲಗ್ತಾನೇನ್ರಿ?"

ಆಮೇಲೆ ಸೆರಗಿನ ಗಂಟು ಬಿಚ್ಚಿ, ಪೊಲೀಸರು ಮಗನ ಕಿಸೆಯಿಂದ ತೆಗೆದುಕೊಟ್ಟದ್ದನ್ನೆಲ್ಲ ಮೇಜಿನ ಮೇಲಿಟ್ಟಳು. ಒಂದು ಕರವಸ್ತ್ರ, ಒಂದು ಸಣ್ಣ ನೋಟ್‌ಬುಕ್ಕು, ಬೈಕಿನ ಕೀಲಿ.

"ಮೊಬೈಲ್?"

"ಸಿಗಲಿಲ್ಲರಿ. ತಗ್ಗಿನ ನೀರಾಗ ಬಿದ್ದಿರಬೇಕು ಅಂದ್ರು."

ನಿಜಗುಣಪ್ಪ ಕೀಲಿಯನ್ನು ಕೈಗೆತ್ತಿಕೊಂಡರು. "ಇದು ಗಾಡ್ಯಾಗ ಇತ್ತೋ, ಕಿಸೆದಾಗ ಇತ್ತೋ?"

"ಚೊಣ್ಣದ ಕಿಸೆದಾಗರಿ. ನನ್ನ ಮುಂದನ ತಗದ್ರು."

ಅವರು ಕೀಲಿ ಕೆಳಗಿಟ್ಟು ನೋಟ್‌ಬುಕ್ಕನ್ನು ನನ್ನ ಕಡೆ ತಳ್ಳಿದರು. ಮೊದಲ ಪುಟದಲ್ಲಿ ಹದಿನೇಳು ತಿಂಗಳ ಹಿಂದಿನ ಆಗಸ್ಟಿನ ತಾರೀಖು, ಕೆಳಗೆ ಒಂದೇ ಸಾಲು: "ಬಿಳಿ ಕಾರು. ಮುಂದಿನ ಗಾಜು ಒಡದಿತ್ತು. ಕುರಿ ಕಾಯಾಂವ ನೋಡ್ಯಾನ." ಮುಂದಿನ ಪುಟಗಳ ತುಂಬ ವಾಹನಗಳ ನಂಬರುಗಳು. ಪ್ರತಿಯೊಂದರ ಮುಂದೆ "ಗಾಜು ಹೊಸಾದು" ಎಂದು ಬರೆದು, ಆಮೇಲೆ ಗೀಟು ಹಾಕಿ ಹೊಡೆದುಹಾಕಿದ್ದ. ಹೊಡೆಯದೆ ಉಳಿದದ್ದು ಒಂದೇ ನಂಬರು. ಕೊನೆಯ ಪುಟದಲ್ಲಿ ನಂಬರೇ ಇರಲಿಲ್ಲ. "ನಮ್ಮದ" ಎಂದು ಬರೆದು, ಪೆನ್ನು ಕಾಗದ ಹರಿಯುವಷ್ಟು ಒತ್ತಿ ಕೆಳಗೆ ಎರಡು ಗೆರೆ ಎಳೆದಿದ್ದ.

"ಆಗಸ್ಟಿನ್ಯಾಗ ಏನಾಗಿತ್ತು ಯವ್ವಾ?"

ಇಂದ್ರವ್ವ ಮಗನ ಕರವಸ್ತ್ರವನ್ನು ಮಡಿಚಿ ಮತ್ತೆ ಸೆರಗಿಗೆ ಕಟ್ಟಿದಳು. "ನನ್ನ ಸೊಸಿ ದುರ್ಗಾ ಹೋದ್ಲರಿ. ಹೊಲಿಗಿ ಕೆಲಸ ಮುಗಿಸಿ ಕಿತ್ತೂರಿಂದ ನಡಕೋತ ಬರಾಕ ಹತ್ತಿದ್ಲು. ಯಾವುದೋ ಕಾರು ಬಡದು ಹೋತು. ಯಾರಂತ ಸಿಗಲೇ ಇಲ್ಲ."

* * *

ನಿಂಗರಾಜ ಹೇಳಿದ ಹೊತ್ತಿಗೆ ಸರಿಯಾಗಿ ಬಂದ. ನಿಜಗುಣಪ್ಪ ತಾವೂ ದೇಗಾಂವಕ್ಕೆ ಬರುವುದಾಗಿ ಹೇಳಿದಾಗ, "ಭಾಳ ಚಲೋ ಆತ್ರಿ ಸರ್," ಎಂದು ಬಾಗಿಲು ತೆರೆದು ಹಿಡಿದ. ಇಂದ್ರವ್ವ, ನಿಜಗುಣಪ್ಪ ಹಿಂದೆ ಕುಳಿತರು, ನಾನು ಮುಂದೆ. ಗಾಜಿನ ಎಡ ಮೂಲೆ ನನ್ನ ಕಣ್ಣೆದುರಿಗೇ ಇತ್ತು. ಅಲ್ಲಿ ಸ್ಟಿಕರನ್ನು ಬ್ಲೇಡಿನಿಂದ ಕೆರೆದ ಗೀರುಗಳೂ ಒಣಗಿದ ಗೋಂದಿನ ಕಲೆಯೂ ಉಳಿದಿದ್ದವು.

ಅದರಲ್ಲಿ ನನಗೇನೂ ವಿಶೇಷ ಕಾಣಲಿಲ್ಲ. ಆ ವಾರ ಸುತ್ತಲಿನ ನಾಲ್ಕೂ ತಾಲೂಕಿನಲ್ಲಿ ಕಾರುಗಳ ಗಾಜೆಲ್ಲ ಹಾಗೆಯೇ ಇತ್ತು. ಭಾನುವಾರ ಎಲ್ಲರ ಮೊಬೈಲಿಗೂ ಒಂದು ಸಂದೇಶ ಬಂದಿತ್ತು: ಗಾಜಿನ ಮೇಲಿನ ನೋಂದಣಿ ಸ್ಟಿಕರನ್ನು ಸರ್ಕಾರ ರದ್ದು ಮಾಡಿದೆ, ಹಳೆಯದು ಅಂಟಿಸಿಕೊಂಡು ತಿರುಗಿದರೆ ದಂಡ ಬೀಳುತ್ತದೆ, ಕೂಡಲೇ ಕೆರೆದು ತೆಗೆಯಿರಿ ಎಂದು. ಜನ ಅಂಗಳದಲ್ಲಿ ಬ್ಲೇಡು ಹಿಡಿದು ಕುಳಿತರು. ನನ್ನ ಗಂಡನೂ ನಮ್ಮ ಕಾರಿನದನ್ನು ಕೆರೆದಿದ್ದರು. ಆ ಸ್ಟಿಕರು ಒಮ್ಮೆ ಕಿತ್ತರೆ ಚೂರುಚೂರಾಗುತ್ತದೆ, ಮತ್ತೆ ಅಂಟುವುದಿಲ್ಲ.

"ಆ ಮೆಸೇಜ್ ಬರೇ ಸುಳ್ಳರಿ," ಎಂದ ನಿಂಗರಾಜ, ಗೇರು ಬದಲಿಸುತ್ತ. "ಅಂಥಾ ಆದೇಶ ಬಂದಿದ್ರ ಮೊದಲ ನಮಗ ಬರತಿತ್ತು. ಭಾನುವಾರ ಮುಂಜಾನಿಂದ ಬಂದಬಂದವರಿಗೆ ಹೇಳಾಕ ಹತ್ತೇನಿ. ಯಾರ ಕೇಳ್ತಾರ?"

"ಹೌದ್ರಿ, ಯಾರ ಕೇಳ್ತಾರ," ಎಂದರು ನಿಜಗುಣಪ್ಪ.

ಊರ ಹೊರಗಿನ ಬಂಕಿನಲ್ಲಿ ಕಾರು ನಿಲ್ಲಿಸಿ, "ಟ್ಯಾಂಕ್ ತುಂಬ ಡೀಸೆಲ್ ಹಾಕ್ರಿ," ಎಂದು ಹೇಳಿ ನಮಗೆಲ್ಲ ನೀರಿನ ಬಾಟಲಿ ತಂದುಕೊಟ್ಟ. ಇಂದ್ರವ್ವನದರ ಮುಚ್ಚಳವನ್ನು ತಾನೇ ತೆಗೆದುಕೊಟ್ಟ. ಮಗನ ಮಣ್ಣಿನ ದಿನದಿಂದಲೂ ಅವನು ಆಕೆಯನ್ನು ಹೀಗೆಯೇ ನೋಡಿಕೊಂಡಿದ್ದನಂತೆ.

ನಮ್ಮನ್ನು ದೇಗಾಂವದಲ್ಲಿ ಇಳಿಸಿ ಅವನು ಕಿತ್ತೂರಿಗೆ ಹೋದ. ಇಂದ್ರವ್ವನ ಮನೆಯ ನಡುಗೋಡೆಯಲ್ಲಿ ಒಂದೇ ಫೋಟೋ ಇತ್ತು. ಮೂರು ತಿಂಗಳ ಹಿಂದೆ ಆಯುಧಪೂಜೆಯ ದಿನ ಅಂಗಡಿಯ ಮುಂದೆ ತೆಗೆಸಿದ್ದು. ಅದೇ ಬಿಳಿ ಕಾರಿಗೆ ಚೆಂಡುಹೂವಿನ ಮಾಲೆ, ಬಾನೆಟ್ಟಿನ ಮೇಲೆ ಕುಂಕುಮ ಹಚ್ಚಿದ ಬೂದುಗುಂಬಳ, ಗಾಜಿನ ಮೂಲೆಯಲ್ಲಿ ತಿಳಿನೀಲಿ ಸ್ಟಿಕರು. ಪಕ್ಕದಲ್ಲಿ ಹೊಸ ಅಂಗಿ ತೊಟ್ಟ ಲಕ್ಷ್ಮಣ ನಗದೆ ನಿಂತಿದ್ದ. "ಆಕಿ ಹೋದಮ್ಯಾಲೆ ಅಂವ ನಕ್ಕಿದ್ದ ನಾ ನೋಡಿಲ್ಲ," ಎಂದಳು ತಾಯಿ.

ನಿಜಗುಣಪ್ಪ ಅಲ್ಲಿಯೇ ಕಟ್ಟೆಯ ಮೇಲೆ ಕುಳಿತು ನೋಟ್‌ಬುಕ್ಕಿನ ಅರ್ಥ ಹೇಳಿದರು.

"ಇಂದ್ರವ್ವ, ನಿಮ್ಮ ಮಗ ಮೊದಲ ಏನ ಮಾಡತಿದ್ದ?"

"ಪಂಪ್‌ಸೆಟ್ ರಿಪೇರಿರಿ. ಚಲೋ ನಡೀತಿತ್ತು. ದುರ್ಗಾ ಹೋಗಿ ತಿಂಗಳಾಗಿತ್ತು, ಬಿಟ್ಟ. ನಿಂಗರಾಜಣ್ಣನ ಅಂಗಡಿಗೆ ಹೋಗಿ ಕೆಲಸ ಕೊಡ್ರಿ ಅಂತ ಗಂಟಬಿದ್ದ. ಯಾಕ ಅಂತ ಕೇಳಿದ್ರ ಹೇಳಲಿಲ್ಲ."

"ದುರ್ಗಾಗ ಬಡದ ಕಾರಿನ ಗಾಜು ಒಡದಿತ್ತು. ಗಾಜು ಬದಲಿ ಮಾಡಿಸಿದ್ರ ಅದರ ಜೋಡಿ ಸ್ಟಿಕರೂ ಹೋಗತೈತಿ. ಹೊಸಾ ಸ್ಟಿಕರ್ ಬೇಕಂದ್ರ ಒಂದಿಲ್ಲೊಂದ ದಿನ ಅಂಥಾ ಅಂಗಡಿಗೆ ಬರಾಕಬೇಕು. ನಿಮ್ಮ ಮಗ ಆ ಗಾಡಿ ಹಾದಿ ಕಾಯಾಕಂತ ಅಲ್ಲಿ ಸೇರಿದ್ದ. ಹದಿನಾರು ತಿಂಗಳ ಒಂದೊಂದ ಗಾಜು ನೋಡ್ಯಾನ."

ಇಂದ್ರವ್ವ ನೋಟ್‌ಬುಕ್ಕನ್ನು ತೆಗೆದುಕೊಂಡು ಎದೆಗೆ ಒತ್ತಿ ಹಿಡಿದಳು. ಆಕೆಗೆ ಓದಲು ಬರುತ್ತಿರಲಿಲ್ಲ.

* * *

ಮರುದಿನ ಶುಕ್ರವಾರ ಮೊದಲು ಕಿತ್ತೂರಿನ ಠಾಣೆಗೆ ಹೋದೆವು. ಪಿಎಸ್‌ಐ ಮಾಳಪ್ಪ ನಿಜಗುಣಪ್ಪನವರನ್ನು ಹಳೆಯ ಕೇಸುಗಳಿಂದ ಬಲ್ಲವರು. ಬೈಕು ಠಾಣೆಯ ಹಿಂದೆ ನಿಂತಿತ್ತು. ಮುಂದಿನ ದೀಪ ಇಡಿಯಾಗಿತ್ತು, ಹ್ಯಾಂಡಲ್ಲು ನೆಟ್ಟಗಿತ್ತು, ಎಡಮಗ್ಗುಲಿಗೆ ಮಾತ್ರ ಸ್ವಲ್ಪ ಗೀರು. ನಿಜಗುಣಪ್ಪ ಎರಡು ಸುತ್ತು ಹಾಕಿ ಬಂದರು. ಒಳಗೆ ಪರಶು ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದ. "ನಾ ಯಾರನ್ನೂ ನೋಡೇ ಇಲ್ಲರಿ," ಎಂಬುದೊಂದೇ ಅವನ ಮಾತು.

ಅಲ್ಲಿಂದ ನಿಂಗರಾಜನ ಅಂಗಡಿ. ಗೋಡೆಯ ಮೇಲೆ ದೊಡ್ಡ ಪಟ್ಟಿ ತೂಗಿತ್ತು: ಪೆಟ್ರೋಲ್ ಕಾರಿಗೆ ತಿಳಿನೀಲಿ ಸ್ಟಿಕರು, ಡೀಸೆಲ್ ಕಾರಿಗೆ ಕೇಸರಿ, ಸ್ಟಿಕರಿನ ಮೇಲೆ ವಾಹನದ ನಂಬರು, ಎಂಜಿನ್ ನಂಬರು, ಚಾಸಿಸ್ ನಂಬರು. ಹಿಂದಿನ ಕಪಾಟಿನಲ್ಲಿ ಮಾಲೀಕರು ಬಂದು ಒಯ್ಯದೆ ಉಳಿದ ಪ್ಲೇಟು-ಸ್ಟಿಕರಿನ ಪ್ಯಾಕೆಟ್ಟುಗಳು ಸಾಲಾಗಿದ್ದವು. ನಿಜಗುಣಪ್ಪ ಅವುಗಳನ್ನು ಒಂದೊಂದಾಗಿ ತಡವಿ ನೋಡುತ್ತ, "ಲಕ್ಷ್ಮಣನ ಮ್ಯಾಲೆ ಯಾರಿಗರೆ ಸಿಟ್ಟಿತ್ತೇನ್ರಿ?" ಎಂದು ಕೇಳಿದರು.

ನಿಂಗರಾಜ ಅನುಮಾನಿಸಿದ. "ಹೇಳಬಾರದು ಸರ್. ಉಗರಗೋಳದ ನೀಲಪ್ಪಂತ ಅದಾರ. ಹದಿನೈದ ದಿನದ ಹಿಂದ ಸ್ಟಿಕರ್ ಹಾಕ್ಸಾಕ ಬಂದಿದ್ರು. ಲಕ್ಷ್ಮಣ ಗಾಜು ಹೆಂಗ ಒಡೀತು, ಯಾವಾಗ ಒಡೀತು ಅಂತ ಹತ್ತ ಸಲ ಕೇಳಿದ. ಅವರ ಅವನ ಕೊಳ್ಳಪಟ್ಟಿ ಹಿಡದ್ರು. ಕೈಕಾಲ ಮುರಿತೇನಿ ಅಂದ್ರು."

ನೋಟ್‌ಬುಕ್ಕಿನಲ್ಲಿ ಹೊಡೆಯದೆ ಉಳಿದಿದ್ದ ನಂಬರು ನೀಲಪ್ಪನದೇ ಆಗಿತ್ತು. ಕಾರೂ ಬಿಳಿಯದು. ನನಗೆ ಎಲ್ಲವೂ ಸ್ಪಷ್ಟವಾದಂತೆ ಅನ್ನಿಸಿತು.

ಮಧ್ಯಾಹ್ನ ಉಗರಗೋಳಕ್ಕೆ ಹೋದಾಗ ನೀಲಪ್ಪ ತನ್ನ ಕುಂಕುಮ-ಭಂಡಾರದ ಅಂಗಡಿಯ ಮುಂದೆ ನಿಂತೇ ಉತ್ತರ ಕೊಟ್ಟ. "ಹಿಡದೇನ್ರಿ ಕೊಳ್ಳಪಟ್ಟಿ. ಹೆಂಗಸನ್ನ ಕೊಂದವನಂಗ ಕೇಳಿದ್ರ ಯಾರ ಸುಮ್ಮನಿರ್ತಾರ? ಹೋದ ವರ್ಷದ ಹಿಂದಿನ ಡಿಸೆಂಬರ್‌ದಾಗ, ಹುಣ್ಣಿವಿ ಜಾತ್ರಿ ಗದ್ದಲದಾಗ ಚಕ್ಕಡಿ ನೊಗ ಬಡದು ಗಾಜು ಒಡೀತು. ವಿಮಾದವರು ಬಂದು ಫೋಟೋ ತಗೊಂಡ ಹೋಗ್ಯಾರ." ಶನಿವಾರ ಸಂಜೆ ಎಲ್ಲಿದ್ದಿರಿ ಎಂದರೆ, ಸವದತ್ತಿಗೆ ಹೋಗಿದ್ದೆ, ಒಬ್ಬನೇ ಇದ್ದೆ ಎಂದ. ಸಾಕ್ಷಿ ಯಾರೂ ಇರಲಿಲ್ಲ.

"ಇವನೇ ಅಲ್ಲೇನ್ರಿ ಸರ್?" ಎಂದೆ ನಾನು, ವಾಪಸು ಬಸ್ಸಿನಲ್ಲಿ.

"ನೋಡೂಣು. ನೀ ಒಂದ ಕೆಲಸ ಮಾಡು ಮಂಜುಳಾ. ಆ ಸ್ಟಿಕರಿನ ಮೆಸೇಜ್ ನಿನಗ ಯಾರ ಕಳಿಸಿದ್ರು, ಅವರಿಗೆ ಯಾರ ಕಳಿಸಿದ್ರು, ಹಿಂದಕ್ಕ ಹಿಂದಕ್ಕ ಕೇಳಕೋತ ಹೋಗು. ಹೊತ್ತು ಬರಕೋ."

ಸಂಜೆಯೆಲ್ಲ ಫೋನಿನ ಮುಂದೆ ಕುಳಿತೆ. ನನಗೆ ಕಳಿಸಿದ್ದು ತಂಗಿ, ಅವಳಿಗೆ ಅವಳ ಶಾಲೆಯ ಮುಖ್ಯಗುರುಗಳು, ಅವರಿಗೆ ಗೊಬ್ಬರದಂಗಡಿಯವರು. ಹನ್ನೊಂದು ಮಂದಿಯನ್ನು ದಾಟಿದ ಮೇಲೆ ಸಂದೇಶದ ಎಳೆ, ಕಬ್ಬು ಸಾಗಿಸುವ ಚಾಲಕರ ಒಂದು ಗುಂಪಿಗೆ ಹೋಗಿ ನಿಂತಿತು. ಅಲ್ಲಿ ಅದು ಮೊದಲು ಕಾಣಿಸಿದ್ದು ಭಾನುವಾರ ಬೆಳಿಗ್ಗೆ ಆರು ಗಂಟೆ ನಲವತ್ತೆರಡು ನಿಮಿಷಕ್ಕೆ. ಕಳಿಸಿದವನ ಹೆಸರು ಕೇಳಿದಾಗ ಚಾಲಕನೊಬ್ಬ ಮರುಗುತ್ತ ಹೇಳಿದ: "ಪಾಪ, ಸ್ಟಿಕರ್ ಲಕ್ಷ್ಮಣನ ಕಳಿಸಿದ್ನರಿ. ಅದ ಅವನ ಕಡೀ ಮೆಸೇಜು. ಅಂವ ಹೇಳ್ಯಾನಂದ್ರ ಖರೇ ಇರತೈತಿ ಅಂತ ನಾವೆಲ್ಲ ಮುಂದ ಕಳಿಸಿದ್ವಿ. ಅದಾದ ಮ್ಯಾಲೆ ಮನಿ ಬಿಟ್ಟು ಹೊಂಟು ಸತ್ತಿರಬೇಕು."

ನಾನು ಬರೆದ ಹೊತ್ತನ್ನು ನೋಡುತ್ತ ಕುಳಿತೆ. ಲಕ್ಷ್ಮಣ ಸತ್ತದ್ದು ಅದರ ಹಿಂದಿನ ಸಂಜೆ.

ನಿಜಗುಣಪ್ಪ ಕಾಗದವನ್ನು ಓದಿ ಮಡಿಚಿ ಕಿಸೆಯಲ್ಲಿಟ್ಟುಕೊಂಡರು. ಅವರೂ ಆ ಸಂಜೆ ತಮಗೆ ಗೊತ್ತಿದ್ದ ಗಾಜು ಕೂಡಿಸುವವರಿಗೆಲ್ಲ ಫೋನು ಮಾಡಿದ್ದರು. ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಒಬ್ಬರೇ ರಾಮದುರ್ಗಕ್ಕೆ ಹೋಗಿ ಬಂದರು. ಬರುವಾಗ ಕಿತ್ತೂರಿನ ಫೋಟೋ ಸ್ಟುಡಿಯೋದಲ್ಲೂ ಇಳಿದಿದ್ದರು. ಮಾಳಪ್ಪನವರಿಗೆ ಹೇಳಿ ಎಲ್ಲರನ್ನೂ ನಾಲ್ಕು ಗಂಟೆಗೆ ನಿಂಗರಾಜನ ಅಂಗಡಿಗೆ ಕರೆಸಿದರು.

* * *

ಅಂಗಡಿಯ ಶಟರು ಅರ್ಧ ಇಳಿದಿತ್ತು. ಇಂದ್ರವ್ವ ಗೋಡೆಗೆ ಒರಗಿ ಕುಳಿತಳು. ನೀಲಪ್ಪ ಬಾಗಿಲ ಬಳಿ ಕೈ ಕಟ್ಟಿ ನಿಂತ. ಪೇದೆಯೊಬ್ಬ ಪರಶುವನ್ನು ಕರೆತಂದ. ನಿಂಗರಾಜ ಎಲ್ಲರಿಗೂ ಚಹಾ ತರಿಸಿ, ಪರಶುವಿನ ಕೈಗೂ ಒಂದು ಕಪ್ಪು ಕೊಟ್ಟ.

ನಿಜಗುಣಪ್ಪ ಎತ್ತರದ ದನಿಯಲ್ಲಿ ಮಾತಾಡುವವರಲ್ಲ. ಅಪಘಾತದ ವರದಿ ಓದಿದಂತೆ ಶುರು ಮಾಡಿದರು.

"ಮೊದಲ ಪರಶುನ ಮಾತು ಮುಗಸೂಣು. ಲಕ್ಷ್ಮಣನ ಬೈಕಿನ ಕೀಲಿ ಅವನ ಕಿಸೆದಾಗ ಸಿಕ್ಕೈತಿ. ಓಡೂ ಗಾಡಿ ಕೀಲಿ ಕಿಸೆದಾಗ ಇರೂದಿಲ್ಲ. ಅಂವ ಟ್ರೇಲರಿಗೆ ಬಡದಿಲ್ಲ. ಗಾಡಿ ನಿಲ್ಲಿಸ್ಯಾನ, ಕೀಲಿ ತಗದಾನ, ಇಳದು ನಿಂತು ಮಾತಾಡ್ಯಾನ. ಬೈಕಿನ ದೀಪಕ್ಕ, ಹ್ಯಾಂಡಲ್ಲಿಗೆ ಏನೂ ಆಗಿಲ್ಲ. ಪೆಟ್ಟು ಬಿದ್ದದ್ದು ತಲಿ ಹಿಂದ. ಅಂದ್ರ ಗುರ್ತಿನ ಮನಶ್ಯಾ ಕರದು ನಿಲ್ಲಿಸಿ, ಹಿಂದಿಂದ ಹೊಡದಾನ. ಪರಶುಗ ಇವ ಯಾರಂತನೂ ಗೊತ್ತಿದ್ದಿಲ್ಲ."

ಮಾಳಪ್ಪ ತಲೆ ತಗ್ಗಿಸಿದರು. ಕೀಲಿಯನ್ನು ಕಿಸೆಯಿಂದ ತೆಗೆದವರು ಅವರೇ.

"ಇನ್ನ ನೀಲಪ್ಪನವರು. ಗಾಜು ಬದಲಾಗೈತಿ, ಸಿಟ್ಟಿಗೆದ್ದಾರ, ಸಾಕ್ಷಿ ಇಲ್ಲ. ಆದ್ರ ಅವರ ವಿಮಾ ಕಡತದ ಫೋಟೋ ನಾ ತರಿಸಿ ನೋಡೇನಿ. ಡಿಸೆಂಬರ್‌ದಾಗ ಒಡದ ಗಾಜಿನ ಮೂಲ್ಯಾಗ ಗಾಡಿ ಕೊಂಡಾಗಿನ ಸ್ಟಿಕರ್ ಹಂಗ ಐತಿ, ನಂಬರ್ ಸುದ್ದಾ ಕಾಣತೈತಿ. ಆಗಸ್ಟಿನ್ಯಾಗ ಆ ಗಾಜು ಒಡದಿದ್ರ ಡಿಸೆಂಬರ್‌ದಾಗ ಅದರ ಮ್ಯಾಲೆ ಹಳೇ ಸ್ಟಿಕರ್ ಎಲ್ಲಿಂದ ಬರಬೇಕು? ದುರ್ಗಾಗ ಬಡದ ಗಾಡಿ ಅವರದಲ್ಲ."

ನೀಲಪ್ಪ ಕಟ್ಟಿದ ಕೈ ಬಿಚ್ಚಿದ.

"ಈಗ ಆ ಮೆಸೇಜ್. ಲಕ್ಷ್ಮಣ ಸತ್ತು ಹತ್ತ ತಾಸಿನ ಮ್ಯಾಲೆ ಅವನ ಮೊಬೈಲಿಂದ ಹೋಗೈತಿ. ಮೊಬೈಲ್ ತಗೊಂಡಾಂವ ಕೊಲಿ ಮಾಡಿದಾಂವ. ಆದ್ರ ಕೊಲಿ ಮಾಡಿದಾಂವಗ ಊರ ಮಂದಿ ಸ್ಟಿಕರ್ ಕೆರದ್ರ ಏನ ಲಾಭ? ನಾ ಇದನ್ನ ಒಂದ ದಿನ ಪೂರಾ ವಿಚಾರ ಮಾಡಿದೆ. ಅವನ ಕಾರಿನ ಗಾಜಿನ ಮ್ಯಾಲಿಂದ ಒಂದ ಸ್ಟಿಕರ್ ಹೋಗಬೇಕಿತ್ತು. ಅವನೊಬ್ಬನ ಕೆರದ್ರ ನಾಕ ಮಂದಿ ಕಣ್ಣಿಗೆ ಬೀಳತೈತಿ. ಸಾವಿರ ಗಾಜು ಕೆರದಿದ್ರ ಯಾರೂ ಕೇಳೂದಿಲ್ಲ. ತನ್ನ ಒಂದ ಸ್ಟಿಕರ್ ಸಲುವಾಗಿ ನಾಕ ತಾಲೂಕಿನ ಸ್ಟಿಕರ್ ತಗಿಸಿದ. ಅದನ್ನೂ ಸತ್ತವನ ಹೆಸರಿಲೆ ಮಾಡಿದ, ಯಾಕಂದ್ರ ಸ್ಟಿಕರಿನ ವಿಷಯದಾಗ ಮಂದಿ ಲಕ್ಷ್ಮಣನ್ನ ನಂಬತಿದ್ರು."

ನಿಜಗುಣಪ್ಪ ತಮ್ಮ ಚಹಾದ ಕಪ್ಪನ್ನು ಕೆಳಗಿಟ್ಟರು.

"ಆ ಮೆಸೇಜ್ ನಂಬಿ ಕೆರದವರೆಲ್ಲ ಸಾಮಾನ್ಯ ಮಂದಿ. ಅದು ಸುಳ್ಳು ಅಂತ ಪಕ್ಕಾ ಗೊತ್ತಿದ್ದಾಂವ ಒಬ್ಬ ಇದ್ದ. ಭಾನುವಾರ ಮುಂಜಾನಿಂದ ಎಲ್ಲಾರಿಗೂ ಸುಳ್ಳು ಅಂತ ಹೇಳಿದ. ಆದ್ರ ಗುರುವಾರ ಅವನ ಗಾಡ್ಯಾಗ ಕುಂತಾಗ ನೋಡಿದ್ರ ಅವನ ಗಾಜೂ ಕೆರದಿತ್ತು." ನಿಜಗುಣಪ್ಪ ತಿರುಗಿದರು. "ನಿಂಗರಾಜ, ಸುಳ್ಳು ಅಂತ ನಿಮಗ ಗೊತ್ತಿತ್ತು. ನಿಮ್ಮದ ಯಾಕ ಕೆರದ್ರಿ?"

ನಿಂಗರಾಜ ನಗಲು ನೋಡಿದ. "ಮನ್ಯಾಗ ಯಾರೋ ಕೆರದಾರ್ರಿ ಸರ್. ಅದರಾಗೇನ ಐತಿ?"

"ಅದರಾಗ ಏನಿತ್ತಂತ ಇಂದ್ರವ್ವನ ಗ್ವಾಡಿ ಮ್ಯಾಲೆ ಐತಿ." ಅವರು ಆಯುಧಪೂಜೆಯ ಫೋಟೋವನ್ನು ಮೇಜಿನ ಮೇಲಿಟ್ಟರು. "ಸ್ಟಿಕರ್ ತಿಳಿನೀಲಿ. ಪೆಟ್ರೋಲಿಂದು. ನೀವ ನಮ್ಮ ಮುಂದ ಟ್ಯಾಂಕ್ ತುಂಬ ಡೀಸೆಲ್ ಹಾಕ್ಸಿದ್ರಿ. ನಿಮ್ಮ ಗಾಡಿಗೆ ಕೇಸರಿ ಇರಬೇಕು, ನಿಮ್ಮ ಗ್ವಾಡಿ ಮ್ಯಾಲಿನ ಪಟ್ಟಿನ ಹೇಳತೈತಿ."

ಆಮೇಲೆ ಅವರು ಕಿಸೆಯಿಂದ ಎರಡು ಕಾಗದ ತೆಗೆದರು. ಮೊದಲನೆಯದು ರಾಮದುರ್ಗದ ಗಾಜು ಕೂಡಿಸುವವನ ಹಳೆಯ ಬಿಲ್ಲಿನ ನಕಲು. ದುರ್ಗಾ ಸತ್ತ ಮೂರನೆಯ ದಿನ ನಿಂಗರಾಜನ ಕಾರಿಗೆ ಹೊಸ ಗಾಜು. ವಿಮೆ ಚಾಲ್ತಿಯಲ್ಲಿತ್ತು, ಆದರೂ ಪರಿಹಾರ ಕೇಳಿರಲಿಲ್ಲ. ಕೇಳಿದರೆ ಸರ್ವೇಯರ್ ಬರುತ್ತಾನೆ, ಗಾಜು ಹೇಗೆ ಒಡೆಯಿತೆಂದು ನೋಡುತ್ತಾನೆ. ಹೊಸ ಸ್ಟಿಕರಿಗೆ ಅರ್ಜಿ ಹಾಕಿದರೆ ಅಲ್ಲೂ ದಾಖಲೆ ಉಳಿಯುತ್ತದೆ. ಆದ್ದರಿಂದ ಯಾರೂ ಒಯ್ಯದ ಪ್ಯಾಕೆಟ್ಟೊಂದರಿಂದ ಬೇರೆ ಕಾರಿನ ಸ್ಟಿಕರು ತೆಗೆದು ಅಂಟಿಸಿಕೊಂಡಿದ್ದ. ಶುಕ್ರವಾರ ಕಪಾಟಿನಲ್ಲಿ ನಿಜಗುಣಪ್ಪ ತಡವಿ ನೋಡಿದ್ದ ಪ್ಯಾಕೆಟ್ಟುಗಳಲ್ಲಿ ಒಂದರ ಬಾಯಿ ಮಾತ್ರ ಬಿಚ್ಚಿತ್ತು. ಒಳಗೆ ಎರಡು ಪ್ಲೇಟು ಇದ್ದವು, ಸ್ಟಿಕರು ಇರಲಿಲ್ಲ.

ಎರಡನೆಯದು ಸ್ಟುಡಿಯೋದವನು ಮೂಲ ಫೋಟೋದಿಂದ ದೊಡ್ಡದು ಮಾಡಿಕೊಟ್ಟ ಚಿತ್ರ. ನೀಲಿ ಸ್ಟಿಕರಿನ ನಂಬರು ಓದಲು ಬರುತ್ತಿತ್ತು. ಮಾಳಪ್ಪ ಕಪಾಟಿನ ಆ ಪ್ಯಾಕೆಟ್ಟು ತೆಗೆದು ಪ್ಲೇಟನ್ನು ಪಕ್ಕಕ್ಕೆ ಹಿಡಿದರು. ಎರಡೂ ಒಂದೇ.

"ಲಕ್ಷ್ಮಣ ಇಷ್ಟ ದಿನ ಯಾಕ ನೋಡಲಿಲ್ಲರಿ?" ಎಂದು ನಾನೇ ಕೇಳಿದೆ.

"ಅಂವ ಗಿರಾಕಿಗಳ ಗಾಡಿ ನೋಡತಿದ್ದ. ನಿಂಗರಾಜ ಅಂಗಡಿಗೆ ಬರೂದು ಸ್ಕೂಟರ್ ಮ್ಯಾಲೆ. ಕಾರು ಬಂದದ್ದು ಪೂಜಿ ದಿನ, ಅವತ್ತು ಹೂವಿನ ಗದ್ದಲ. ತನಗ ಅನ್ನ ಹಾಕಿದವನ ಗಾಜು ನೋಡಬೇಕಂತ ಅವಂಗ ಹೊಳೀಲೇ ಇಲ್ಲ. ಶನಿವಾರ ಹೊಳೀತು. ನೋಟ್‌ಬುಕ್ಕಿನ್ಯಾಗ ನಂಬರ್ ಬರೀಲಿಲ್ಲ, 'ನಮ್ಮದ' ಅಂತ ಬರದ. ನಮ್ಮ ಅಂಗಡೀದ, ನಮ್ಮ ಗಾಡಿ."

ನಿಂಗರಾಜ ಸ್ಟೂಲು ಎಳೆದು ಕುಳಿತ. ಯಾರ ಮುಖವನ್ನೂ ನೋಡದೆ ಹೇಳಿದ.

"ಶನಿವಾರ ಲಗ್ನಕ್ಕ ಹೋಗೂದಿತ್ತು. ಕಾರು ತಂದು ಒರಸು ಅಂತ ಅವಂಗ ನಾನ ಹೇಳಿದೆ. ಒಳಗಿಂದ ಗಾಜು ಒರಸಾಕ ಹತ್ತಿದಾಂವ ಸ್ಟಿಕರ್ ನೋಡಿ ಹಂಗ ಕುಂತುಬಿಟ್ಟ. ಏನೂ ಕೇಳಲಿಲ್ಲ. ಸಂಜಿಕ ಹೋಗೂಮುಂದ, ನಾಳಿಗೆ ನಾ ಬರೂದಿಲ್ಲಣ್ಣಾ, ಠಾಣೆಗೆ ಹೋಗೂದೈತಿ ಅಂದ. ಹಿಂದ ಹೋಗಿ ಕರದೆ. ಅಣ್ಣಾ ಅಂತ ಗಾಡಿ ನಿಲ್ಲಿಸಿದ. ಕೈ ಮುಗದೆ, ಬಿಟ್ಟುಬಿಡು ಅಂದೆ. ತಿರುಗಿ ನಿಂತ." ಅವನು ಅಂಗೈಯಿಂದ ಬಾಯಿ ಒರೆಸಿಕೊಂಡ. "ಗಾಲಿ ಬಿಚ್ಚೂ ಪಾನಾ ಗಾಡ್ಯಾಗ ಇತ್ತು. ಭಾನುವಾರ ಮುಂಜಾನಿ ಆ ಮೆಸೇಜ್ ಕಳಿಸಿ ಮೊಬೈಲ್ ಮಲಪ್ರಭಾ ಹೊಳಿಗೆ ಒಗದೆ. ಅದರ ಲಾಕ್ ಅಂಗಡ್ಯಾಗ ಎಲ್ಲಾರಿಗೂ ಗೊತ್ತಿತ್ತು."

"ಅವಂಗ ಕೆಲಸ ಯಾಕ ಕೊಟ್ಟಿ?" ಎಂದರು ಮಾಳಪ್ಪ.

"ಒಲ್ಲೆ ಅನ್ನಾಕ ಆಗಲಿಲ್ಲರಿ."

ಆಗ ಇಂದ್ರವ್ವ ಎದ್ದು ಬಂದಳು. ಆಕೆ ಹೊಡೆಯಬಹುದೆಂದು ಪೇದೆ ಅಡ್ಡ ಬಂದ. ಆಕೆ ಕೈ ಎತ್ತಲಿಲ್ಲ. ಕೆಳದನಿಯಲ್ಲಿ ಕೇಳಿದಳು.

"ನನ್ನ ಸೊಸಿ ಬಿದ್ದಾಗ ನೀ ಇಳದಿದ್ದೇನು?"

ಅವನು ತಲೆಯಾಡಿಸಿದ. "ಇಳದಿದ್ದೆ."

"ಜೀವ ಇತ್ತು?"

"ಇತ್ತು."

"ಏನರೆ ಅಂದ್ಲೇನು?"

"ಊರಾಗ ನನ್ನ ಗಂಡ ಅದಾನ, ಕರದು ಹೇಳ್ರಿ ಅಂದ್ಲು. ಹೆಸರ ಹೇಳಿದ್ಲು."

ಇಂದ್ರವ್ವ ಅವನನ್ನೇ ನೋಡುತ್ತ ನಿಂತಳು. ತಿಂಗಳು ಕಳೆದು ಅದೇ ಹೆಸರಿನವನು ಬಂದು ಕೆಲಸ ಕೇಳಿದಾಗ ಈ ಮನುಷ್ಯನಿಗೆ ಅವನು ಯಾರೆಂದು ಗೊತ್ತಿತ್ತು. ಹದಿನಾರು ತಿಂಗಳು ಇಬ್ಬರೂ ಮಧ್ಯಾಹ್ನದ ಬುತ್ತಿಯನ್ನು ಎದುರುಬದುರು ಕುಳಿತು ಬಿಚ್ಚಿದ್ದರು. ಅದು ನಮ್ಮೆಲ್ಲರಿಗೂ ಒಟ್ಟಿಗೆ ತಿಳಿಯಿತು.

ಮಾಳಪ್ಪ ನಿಂಗರಾಜನನ್ನು ಜೀಪಿಗೆ ಹತ್ತಿಸಿದರು. ಪಾನಾ ಕಾರಿನ ಡಿಕ್ಕಿಯಲ್ಲೇ ಸಿಕ್ಕಿತು. ತೊಳೆದಿದ್ದ, ಆದರೆ ಹಿಡಿಕೆಯ ಸಂದಿಯಲ್ಲಿ ರಕ್ತ ಉಳಿದಿತ್ತೆಂದು ಪ್ರಯೋಗಾಲಯದವರು ಬರೆದರು. ಮುಂದಿನ ವಾರದಿಂದ ನಾಲ್ಕೂ ತಾಲೂಕಿನ ಜನ ಹೊಸ ಸ್ಟಿಕರಿಗೆ ಅರ್ಜಿ ಹಿಡಿದು ಸಾಲುಗಟ್ಟಿದರು. ಕಿತ್ತೂರಿನ ಆ ಅಂಗಡಿ ಮತ್ತೆ ತೆರೆಯಲಿಲ್ಲ.

ಆ ಸಂಜೆ ನಿಜಗುಣಪ್ಪ ಇಂದ್ರವ್ವನನ್ನು ಊರಿಗೆ ಬಿಡಲು ಬಾಡಿಗೆ ಕಾರು ಕರೆಯುವುದಾಗಿ ಹೇಳಿದರು. ಆಕೆ ಬೇಡವೆಂದಳು. ಪರಶು ಅಂಗಡಿಯ ಕಟ್ಟೆಯ ಮೇಲೆ, ತನ್ನನ್ನು ನಿಜವಾಗಿ ಬಿಟ್ಟಿದ್ದಾರೋ ಇಲ್ಲವೋ ತಿಳಿಯದವನಂತೆ ಇನ್ನೂ ಕುಳಿತಿದ್ದ. ಆಕೆ ಹೋಗಿ ಅವನ ರಟ್ಟೆ ಹಿಡಿದು ಎಬ್ಬಿಸಿದಳು.

"ಏಳಪ್ಪಾ. ನಿನ್ನ ಹೇಣ್ತಿ ಊಟ ಬಿಟ್ಟು ಕುಂತಾಳ. ಮೊದಲ ನಿಮ್ಮ ಮನಿಗೆ ಹೋಗೂಣು, ನಾನ ಆಕಿಗೆ ಹೇಳತೇನಿ."

ಇಬ್ಬರೂ ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಆಕೆಯ ಕಾಲು ಸೋತಿತ್ತು. ಸ್ವಲ್ಪ ದೂರ ಹೋದ ಮೇಲೆ ಪರಶು ನಿಂತು, ಆಕೆ ಹಿಡಿದುಕೊಳ್ಳಲೆಂದು ತನ್ನ ಹೆಗಲನ್ನು ತಗ್ಗಿಸಿದ.